ಎಂಟು ಸಿಟ್ಟು, ಏಳು ಕೋಲು

ಗೋವಿಂದರಾಜನಗರದ ಆ ಬಾಡಿಗೆ ಮನೆಯ ತಾರಸಿಯ ಮೇಲೆ, ಭಾನುವಾರ ಮಧ್ಯಾಹ್ನ ಒಂದೂವರೆಯ ಬಿಸಿಲಲ್ಲಿ, ಮುತ್ತವ್ವ ಎಂಟು ಜನ ಶ್ರೀಮಂತರ ಸಿಟ್ಟನ್ನು ಹಳೆಯ ಚಾಪೆಯ ಮೇಲೆ ಸಾಲಾಗಿ ಮಲಗಿಸಿದಳು.

ಒಂದೊಂದು ಸಿಟ್ಟೂ ಒಂದೊಂದು ಗಾಲ್ಫ್ ಕೋಲಿನ ಮುರಿದ ಮೇಲ್ತುಂಡು. ಆಡುವವರು ಆ ಕೋಲಿಗೆ ಕ್ಲಬ್ ಅನ್ನುತ್ತಾರೆ. ಅವರು ಕೂತು ಕುಡಿಯುವ ಜಾಗಕ್ಕೂ ಕ್ಲಬ್ಬೇ ಹೆಸರಾದ್ದರಿಂದ ಮುತ್ತವ್ವ ಇದನ್ನು ಕೋಲು ಅಂತಲೇ ಕರೆಯುತ್ತಾಳೆ. ಕೆಂಗೇರಿಯಾಚೆಯ ಗಾಲ್ಫ್ ಮೈದಾನದಲ್ಲಿ ಅವಳು ಹನ್ನೊಂದು ವರ್ಷದಿಂದ ಕ್ಯಾಡಿ. ಅಂದರೆ ಆಡುವವರ ಹಿಂದೆ ಕೋಲಿನ ಚೀಲ ಹೊತ್ತು ನಡೆಯುವವಳು. ಚೆಂಡು ನೀರಿಗೆ ಬಿದ್ದರೆ ಸಾಹೇಬರಿಗೆ ನೀರಿನ ಮೇಲೆ ಸಿಟ್ಟು ಬರುವುದಿಲ್ಲ, ತಮ್ಮ ಮೇಲಂತೂ ಬರುವ ಮಾತೇ ಇಲ್ಲ. ಕೋಲಿನ ಮೇಲೆ ಬರುತ್ತದೆ. ಮೊಣಕಾಲಿಗೆ ಒತ್ತಿ ಲಟಕ್ಕನೆ ಮುರಿದು, ಅವಳ ಕಡೆ ಎಸೆದು, “ಬಿಸಾಕು” ಅನ್ನುತ್ತಾರೆ. ಎಲ್ಲಿ ಬಿಸಾಕಬೇಕು ಎಂದು ಹೇಳುವಷ್ಟು ತಾಳ್ಮೆ ಆ ಹೊತ್ತಿನಲ್ಲಿ ಯಾರಿಗಿರುತ್ತದೆ? ಮುತ್ತವ್ವ ತನ್ನ ಮನೆಯ ಅಟ್ಟಕ್ಕೆ ಬಿಸಾಕುತ್ತಾ ಬಂದಿದ್ದಳು.

ಕೋಲು ಮುರಿದಿದ್ದರೇನು, ಮೇಲೆ ಹಿಡಿದುಕೊಳ್ಳುವ ರಬ್ಬರಿನ ಗ್ರಿಪ್ಪು ಹೊಚ್ಚಹೊಸದು. ಅವಳಿಗೆ ಬೇಕಾಗಿದ್ದದ್ದು ಅದೇ.

ಯಾಕೆಂದರೆ ನಾಳೆ ಸೋಮವಾರ, ವರ್ಷಕ್ಕೊಮ್ಮೆ ನಡೆಯುವ ಕ್ಯಾಡಿಗಳ ಪಂದ್ಯ. ಮಿಕ್ಕ ಮುನ್ನೂರ ಅರವತ್ತನಾಲ್ಕು ದಿನ ಹುಲ್ಲಿಗೆ ಬಗ್ಗಿ ಚೆಂಡು ಹುಡುಕುವವರು ಆ ಒಂದು ದಿನ ನೆಟ್ಟಗೆ ನಿಂತು ಹೊಡೆಯಬಹುದು. ಹೋದ ವರ್ಷ ಮುತ್ತವ್ವ ಒಬ್ಬ ವಯಸ್ಸಾದ ಮೇಡಂ ಕೊಟ್ಟ ಎರವಲು ಕೋಲುಗಳಲ್ಲಿ ಆಡಿ, ಮೂವತ್ತೆಂಟು ಗಂಡಸರ ನಡುವೆ ಎರಡನೆಯವಳಾಗಿ ಬಂದುಬಿಟ್ಟಿದ್ದಳು. ಈ ವರ್ಷ ಕಮಿಟಿಯ ಗಿರಿರಾಜ್ ಸಾಹೇಬರ ಸಹಿ ಹೊತ್ತು ಕ್ಯಾಡಿ ಶೆಡ್ಡಿನ ಗೋಡೆಗೆ ನೋಟೀಸು ಬಂತು: ಎರವಲು ನಡೆಯದು. ಸ್ವಂತದ ಏಳು ಕೋಲು ಇದ್ದವರಿಗೆ ಮಾತ್ರ ಪ್ರವೇಶ. ಏಳರಲ್ಲಿ ಒಂದರ ಗ್ರಿಪ್ಪು ಸಡಿಲವಿದ್ದರೂ, ಜಾರಿದರೂ, ಹರಿದಿದ್ದರೂ ಸುರಕ್ಷತೆಯ ದೃಷ್ಟಿಯಿಂದ ವಾಪಸ್ಸು.

ಸುರಕ್ಷತೆ! ಗುಡುಗು ಮಿಂಚಿನ ಮಳೆಯಲ್ಲಿ ಕಬ್ಬಿಣದ ಕೋಲುಗಳ ಚೀಲ ಹೊರಿಸಿ ಬಯಲ ನಡುವೆ ನಿಲ್ಲಿಸಿದಾಗ ಈ ದೃಷ್ಟಿ ಯಾವ ಕನ್ನಡಕದೊಳಗೆ ಮಲಗಿತ್ತೋ. ಹೊರುವುದಕ್ಕಾದರೆ ಹೆಂಗಸಾದರೂ ಸೈ, ಹೊಡೆಯುವುದಕ್ಕೆ ಮಾತ್ರ ನಿಯಮ ಬೇಕು.

ಏಳು ಕೋಲು ಹೇಗೋ ಕೂಡಿದ್ದವು. ಎರಡು ಗುಜರಿಯವು, ಒಂದು ಮೈದಾನದ ಕೆರೆಯ ಕೆಸರಿನದು, ನಾಲ್ಕು ಆ ಮೇಡಂ “ಎರವಲು ತಾನೇ ಬೇಡ ಅಂದಿದ್ದು? ತಗೋ, ಇದು ನಿಂದೇ” ಎಂದು ಕೊಟ್ಟವು. ಆದರೆ ಅವುಗಳ ಗ್ರಿಪ್ಪುಗಳು ಹತ್ತು ವರ್ಷದ ಬಿಸಿಲಿಗೆ ಒಣಗಿ ಕಲ್ಲಾಗಿದ್ದವು. ಮುಟ್ಟಿದರೆ ಹುರಿಗಡಲೆ ಸಿಪ್ಪೆಯಂತೆ ಉದುರುತ್ತಿದ್ದವು. ಕ್ಲಬ್ಬಿನ ಅಂಗಡಿಯವನು “ಇಲ್ಲಿ ಮೆಂಬರುಗಳಿಗೆ ಮಾತ್ರ ಕಣಮ್ಮಾ” ಎಂದು ಕೈಯಾಡಿಸಿದ್ದ. ಅವನು ಮಾಡುವುದಾದರೂ ಏನು? ಹಳೆಯದನ್ನು ಚಾಕುವಿನಿಂದ ಸೀಳಿ ಬಿಸಾಕಿ ಹೊಸದು ಹಾಕುವುದು. ಸೀಳಿದರೆ ಮುತ್ತವ್ವನ ಎಂಟು ಸಿಟ್ಟುಗಳು ಮಣ್ಣುಪಾಲು. ಅವಕ್ಕೆ ಒಂದು ಗೀರೂ ಬೀಳದಂತೆ ಕಳಚಬೇಕು, ಈ ಕೋಲಿಗೆ ಏರಿಸಬೇಕು.

ದಾರಿ ತೋರಿಸಿದ್ದು ಅವಳ ಗಂಡ ನಾಗೇಂದ್ರ. ಅವನು ಬೀರು, ಬಾಗಿಲು, ಕಿಚನ್ ಕಪಾಟುಗಳಿಗೆ ಸ್ಪ್ರೇ ಪೇಂಟ್ ಹೊಡೆಯುವವನು. ತಾರಸಿಯ ಮೂಲೆಯಲ್ಲಿ ಅವನ ಕಂಪ್ರೆಸರು, ಕೊಟ್ಟಿಗೆಯಲ್ಲಿ ಎಮ್ಮೆ ಮಲಗಿದಂತೆ ಮಲಗಿರುತ್ತದೆ. ಮೊಬೈಲಿನಲ್ಲಿ ಯಾವನೋ ಬಿಳಿಗಡ್ಡದವನು ಗಾಳಿ ಊದಿ ಗ್ರಿಪ್ಪು ಕಳಚುವುದನ್ನು ನೋಡಿದಾಗಿನಿಂದ ಅವನ ಕಾಲು ನೆಲದ ಮೇಲಿರಲಿಲ್ಲ.

“ನೋಡೇ, ಗ್ರಿಪ್ಪಿನ ತಲೇಲಿ ಒಂದು ತೂತಿರುತ್ತೆ. ಅದಕ್ಕೆ ಗಾಳಿ ಬಿಟ್ರೆ ರಬ್ಬರು ಒಳಗಿಂದ ಉಬ್ಬುತ್ತೆ, ಕಬ್ಬಿಣ ಬಿಡುತ್ತೆ. ಸರಕ್ ಅಂತ ಎಳಿ, ಮುಗೀತು. ಹಾಕೋದೂ ಹಂಗೇ. ಅಂಟು ಬೇಡ, ಒಣಗಿಸೋದು ಬೇಡ. ಈಗ ಹಾಕು, ಈಗ್ಲೇ ಆಡು.”

“ಇದೇ ತರ ಹೋದ ತಿಂಗಳು ಮಿಕ್ಸಿ ರಿಪೇರಿ ಮಾಡ್ತೀನಿ ಅಂದ್ರಿ.”

“ಅದು ಕರೆಂಟಿಂದು ಕಣೇ. ಇದು ಗಾಳಿ. ಗಾಳಿ ನಂದು!”

ಕಂಪ್ರೆಸರು ಢಗಢಗ ಅನ್ನತೊಡಗಿತು. ಮೆಟ್ಟಿಲ ಮೇಲಿನ ನೆರಳಿನಲ್ಲಿ ಕೂತಿದ್ದ ಅತ್ತೆ ಬಸವ್ವ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ ನೋಡಿದಳು. ಮೂವತ್ತು ವರ್ಷ ವಿಜಯನಗರದ ಬೀದಿಗಳಲ್ಲಿ ಮಲಾರ ಹೊತ್ತು ಬಳೆ ತೊಡಿಸಿದವಳು ಅವಳು. ಗದಗದ ಕಡೆಯ ಮಾತು ಇನ್ನೂ ಬಾಯಿಂದ ಇಳಿದಿರಲಿಲ್ಲ.

ನಾಗೇಂದ್ರ ಧೂಳು ಊದುವ ಗನ್ನಿನ ಮೂತಿಯನ್ನು ಮೊದಲ ಗ್ರಿಪ್ಪಿನ ತೂತಿಗೆ ಒತ್ತಿ ಬಂದೂಕಿನಂತೆ ಕುದುರೆ ಎಳೆದ. ಪುಸ್ಸ್! ಗ್ರಿಪ್ಪು ಒಮ್ಮೆ ಮೈ ಕೊಡವಿ, ಹಿತುಕಿದ ಅವರೆಬೇಳೆಯಂತೆ ಮುತ್ತವ್ವನ ಅಂಗೈಗೆ ಜಾರಿ ಬಂತು. ಇಡಿಯಾಗಿ. ಒಂದು ಗೀರಿಲ್ಲ.

ಮುತ್ತವ್ವ ಕುಣಿದೇಬಿಟ್ಟಳು. ನಲವತ್ತು ದಾಟಿದ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ರಬ್ಬರು ಹಿಡಿದು ತಾರಸಿಯ ಮೇಲೆ ಒಂದು ಸುತ್ತು. ಎರಡನೆಯದು, ಮೂರನೆಯದು, ಹತ್ತು ನಿಮಿಷದಲ್ಲಿ ಎಂಟಕ್ಕೆ ಎಂಟೂ ಚಾಪೆಯ ಮೇಲೆ. ಅವಳ ಕೋಲುಗಳ ಮೇಲಿದ್ದ ಕಲ್ಲುಗ್ರಿಪ್ಪುಗಳನ್ನು ಹಿಂದಿನ ರಾತ್ರಿಯೇ ಬ್ಲೇಡಿನಿಂದ ಕೆರೆದು ತೆಗೆದಾಗಿತ್ತು.

ಇನ್ನು ಏರಿಸುವುದು. ಮುತ್ತವ್ವ ಕೋಲು ಹಿಡಿದಳು, ನಾಗೇಂದ್ರ ಗ್ರಿಪ್ಪಿನ ಬಾಯಿಯನ್ನು ಕೋಲಿನ ತುದಿಗೆ ಸಿಕ್ಕಿಸಿ, ಇನ್ನೊಂದು ತುದಿಯಿಂದ ಗಾಳಿ ಬಿಟ್ಟ. ಗ್ರಿಪ್ಪು ಮುಂದೆ ಹೋಯಿತು, ಹೋಯಿತು, ಅರ್ಧಕ್ಕೆ ನಿಂತಿತು. ತಳ್ಳಿದರೆ ಹೋಗದು, ಎಳೆದರೆ ಬಾರದು.

“ಅರ್ಧ ಚಡ್ಡಿ ಏರಿಸಿದಂಗೆ ನಿಂತೈತಲ್ರೀ!” ಎಂದಳು ಮುತ್ತವ್ವ. ಬೆರಳಿನಿಂದ ಕೋಲು ಮುಟ್ಟಿ ನೋಡಿದಳು. ಬೆರಳು ಅಂಟಿತು. ಮೂಗಿಗೆ ಹಿಡಿದಳು. “ಇದೇನ್ರೀ ವಾಸನೆ?”

ನಾಗೇಂದ್ರ ಆಕಾಶ ನೋಡಿದ.

“ರೀ.”

“ಬೆಳಿಗ್ಗೆ ಸ್ವಲ್ಪ ಲ್ಯಾಕರ್ ಹೊಡೆದೆ ಕಣೇ. ಪಳಪಳ ಅನ್ಲಿ ಅಂತ. ಆ ಗಿರಿರಾಜ್ ನೋಡಿದ ತಕ್ಷಣ ಕಣ್ಣು ಮುಚ್ಚಬೇಕು ಅಂತ.”

“ತುದೀಗೂ ಹೊಡೆದ್ರಾ?”

ಜೀವಮಾನವಿಡೀ ಬಣ್ಣ ತಾಗಬಾರದ ಜಾಗಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿಯೇ ಅನ್ನ ಉಂಡವನು, ಹೆಂಡತಿಯ ಕೋಲಿಗೆ ಮಾತ್ರ ಟೇಪು ಮರೆತಿದ್ದ. ಪ್ರೀತಿ ಜಾಸ್ತಿಯಾದರೆ ಕಸುಬು ಕೈಕೊಡುತ್ತದೆ. ಒಣಗದ ಲ್ಯಾಕರು ಈಗ ಒಳ್ಳೆಯ ಗೋಂದಾಗಿತ್ತು. “ಪ್ರೆಶರ್ ಏರಿಸ್ತೀನಿ, ಬಿಟ್ಕೊಳುತ್ತೆ” ಎಂದು ಅವನು ತಿರುಪು ತಿರುಗಿಸಿದ. ಗ್ರಿಪ್ಪು ಉಬ್ಬಿತು. ಇಲಿ ನುಂಗಿದ ಹಾವಾಯಿತು. ಸೋರೆಕಾಯಿಯಾಯಿತು. ಬಸವ್ವ “ಯಪ್ಪಾ, ಸಾಕು—” ಅನ್ನುವಷ್ಟರಲ್ಲಿ ಢಮಾರ್!

ಪಾರಿವಾಳಗಳೆಲ್ಲ ಎದ್ದವು. ಗ್ರಿಪ್ಪಿದ್ದ ಜಾಗದಲ್ಲಿ ಕರಿಯ ಚಿಂದಿ ತೂಗಾಡುತ್ತಿತ್ತು. ಅದು ಬಿಲ್ಡರ್ ಸಾಹೇಬರ ಸಿಟ್ಟು. ಮೊದಲೇ ಕೂಗು ಜಾಸ್ತಿ, ಹೋಗುವಾಗಲೂ ಕೂಗಿಯೇ ಹೋಯಿತು.

ಉಳಿದದ್ದು ಏಳು. ಬೇಕಾದದ್ದೂ ಏಳು. ಇನ್ನು ಒಂದು ಹಾಳಾದರೆ ನಾಳೆ ಮುತ್ತವ್ವ ಮತ್ತೆ ಬಗ್ಗಿ ಚೆಂಡು ಹೆಕ್ಕುವುದೇ. ಅವಳು ಬಟ್ಟೆಗೆ ಥಿನ್ನರ್ ಸುರಿದು ಏಳೂ ಕೋಲುಗಳ ತುದಿಯನ್ನು ಚರ್ಮ ಸುಲಿಯುವಂತೆ ಉಜ್ಜಿದಳು. ನಾಗೇಂದ್ರ ತಪ್ಪಿಗೆ ದಂಡವೆಂಬಂತೆ ಪ್ರತಿ ತುದಿಗೂ ಒಂದು ಸುತ್ತು ಮಾಸ್ಕಿಂಗ್ ಟೇಪು ಸುತ್ತಿದ. ಆದರೆ ಏರಿಸಿದ್ದ ತಿರುಪನ್ನು ಇಳಿಸಲು ಮರೆತ.

ಎರಡನೆಯ ಗ್ರಿಪ್ಪಿಗೆ ಗನ್ನು ಒತ್ತಿ ಕುದುರೆ ಎಳೆದ. ಇನ್ನೂ ಬೆರಳುದ್ದವೂ ಏರಿರದ ಗ್ರಿಪ್ಪು ಮುತ್ತವ್ವನ ಕೈಯಿಂದ ಹಾರಿತು. ಹಾರಿತು ಅಂದರೆ ದೀಪಾವಳಿಯ ರಾಕೆಟ್ಟು. ಪಕ್ಕದ ಮನೆಯ ಟ್ಯಾಂಕಿನ ಮೇಲೆ ಹಾದು, ಕೇಬಲ್ ವೈರಿಗೆ ತಾಗಿ, ತಿರುಗಿ ನೇರ ಕೆಳಗಿನ ವರಾಂಡಕ್ಕೆ ಬಿತ್ತು.

ಕೆಳಗಿಂದ ಕೂಗು ಬಂತು. ಮನೆಯ ಮಾಲೀಕ ಚಕ್ರಪಾಣಿಯವರು. ರಾಜಾಜಿನಗರದ ಕೈಗಾರಿಕಾ ವಸಾಹತಿನ ಫ್ಯಾಕ್ಟರಿಯೊಂದರಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು. ಭಾನುವಾರ ಒಂದರಿಂದ ನಾಲ್ಕು ಅವರ ನಿದ್ದೆಯ ಹೊತ್ತು. ಮೆಟ್ಟಿಲು ಹತ್ತಿ ಬಂದಾಗ ಪಂಚೆ ಮೇಲಕ್ಕೆ ಕಟ್ಟಿತ್ತು, ಕೈಯಲ್ಲಿ ಗ್ರಿಪ್ಪಿತ್ತು.

“ಏನಯ್ಯಾ ನಾಗೇಂದ್ರ ಇದು? ನನ್ನ ಎದೆ ಮೇಲೆ ಬಂದು ಬಿತ್ತು! ಒಂದು ಇಂಚು ಆಚೆ ಈಚೆ ಆಗಿದ್ರೆ?”

“ಗುಂಡಲ್ಲರೀ ಮಾಲಕ್ರ, ರಬ್ಬರ. ಜೀವ ಹೋಗೂದಿಲ್ಲ, ಕುಂದರ್ರಿ” ಎಂದಳು ಬಸವ್ವ.

“ಕೂರೋದಕ್ಕೆ ಬಂದಿಲ್ಲ. ಫ್ಯೂಸ್ ಕೀಳೋದಕ್ಕೆ ಬಂದಿದೀನಿ. ಇದು ನನ್ನ ಹತ್ರಾನೇ ಇರುತ್ತೆ. ಏನಿದು ಅಸಲಿಗೆ?”

“ಗಾಲ್ಫ್ ಕೋಲಿಂದು ಸಾರ್. ನಾಳೆ ನಾನು ಆಡ್ಬೇಕು” ಎಂದಳು ಮುತ್ತವ್ವ.

“ಗಾಲ್ಫಾ? ನೀನಾ?” ಚಕ್ರಪಾಣಿಯವರ ಹುಬ್ಬು ಹಣೆಯ ಅರ್ಧಕ್ಕೆ ಹೋಯಿತು. “ಅದು ದೊಡ್ಡೋರ ಆಟ ಅಲ್ವೇನಮ್ಮಾ?”

“ಯಾವ ಕೋಲಲ್ಲಿ ಹೊಡೀಬೇಕು, ಎತ್ತ ಹೊಡೀಬೇಕು, ಎಷ್ಟು ಜೋರಾಗಿ ಹೊಡೀಬೇಕು ಅಂತ ಆ ದೊಡ್ಡೋರಿಗೆ ಹನ್ನೊಂದು ವರ್ಷದಿಂದ ಹೇಳಿಕೊಡ್ತಿರೋಳು ನಾನೇ ಸಾರ್. ಅವರು ಬರೀ ಕೈ ಆಡಿಸ್ತಾರೆ.” ಅವಳು ಅವರ ಕೈಯಲ್ಲಿದ್ದ ಗ್ರಿಪ್ಪಿನ ಕಡೆ ಬೆರಳು ತೋರಿಸಿದಳು. “ಆ ರಬ್ಬರು ಕೊಡದಿದ್ರೆ ಏಳಕ್ಕೆ ಒಂದು ಕಮ್ಮಿ. ನಾಳೆ ಗೇಟಿಂದಲೇ ವಾಪಸ್ ಕಳಿಸ್ತಾರೆ. ನೀವು ಫ್ಯೂಸ್ ಕಿತ್ರೂ ಅಷ್ಟೇ, ಅವರ ಕೆಲಸ ನೀವು ಮಾಡಿಕೊಟ್ಟಂಗೆ.”

ಚಕ್ರಪಾಣಿಯವರ ಕಣ್ಣು ಕಂಪ್ರೆಸರಿನ ಪ್ರೆಶರ್ ಗೇಜಿನ ಮೇಲೆ ನೆಟ್ಟಿತ್ತು. ಹತ್ತಿರ ಹೋದರು. ಬಗ್ಗಿದರು. ಗಾಜಿಗೆ ಉಗುರಿನಿಂದ ಟಕ್ ಟಕ್ ಎಂದು ಬಡಿದರು.

“ಇದು ಎಷ್ಟು ತೋರಿಸ್ತಿದೆ?”

“ಎಪ್ಪತ್ತು ಪೌಂಡು ಸಾರ್.”

“ಸುಳ್ಳು! ಮುಳ್ಳು ಸುಳ್ಳು ಹೇಳ್ತಿದೆ ಕಣಯ್ಯಾ! ಈ ಸದ್ದಿಗೆ ನೂರರ ಮೇಲಿದೆ. ಮೂವತ್ತೊಂದು ವರ್ಷ ನಾನು ಮಾಡಿದ್ದು ಇದೇ ಕೆಲಸ. ಗೇಜ್ ಟೆಸ್ಟಿಂಗ್! ನನ್ನ ಕೈ ದಾಟಿ ಒಂದೇ ಒಂದು ಸುಳ್ಳು ಗೇಜ್ ಹೊರಗೆ ಹೋಗಿಲ್ಲ. ನನ್ನ ಮನೆ ತಲೆ ಮೇಲೇ ಇಂಥದ್ದನ್ನ ಇಟ್ಕೊಂಡಿದೀಯಲ್ಲೋ!”

ಪಂಚೆ ಹಿಡಿದು ಇಳಿದರು. ಎರಡು ನಿಮಿಷಕ್ಕೆ ಮೇಲೆ ಬಂದರು, ಕೈಯಲ್ಲಿ ಒಡವೆ ಪೆಟ್ಟಿಗೆಯಂಥ ಪೆಟ್ಟಿಗೆ. ಒಳಗೆ ಮಕಮಲ್ಲಿನ ಮೇಲೆ ಹಿತ್ತಾಳೆಯ ಗೇಜು, ನಿವೃತ್ತಿಯ ದಿನ ಫ್ಯಾಕ್ಟರಿಯವರು ಕೊಟ್ಟದ್ದು. ಪಾಲಿಗೆ ಬಂದ ಒಂದೇ ಒಂದು ನಿಜವನ್ನು ಅವರು ಇಷ್ಟು ವರ್ಷ ಬೀರುವಿನಲ್ಲಿಟ್ಟು ಕಾದಿದ್ದರು. ಮೊದಲು ಟ್ಯಾಂಕಿನ ಅಡಿಯ ತಿರುಪು ಬಿಚ್ಚಿ ತುಕ್ಕುನೀರು ಹೊರಬಿಟ್ಟರು, “ಇದು ಒಳಗೆ ಹೋದ್ರೆ ರಬ್ಬರು ಜಾರದೆ ಇನ್ನೇನು” ಎಂದು ನಾಗೇಂದ್ರನನ್ನು ಬೈದರು, ಹಿತ್ತಾಳೆ ಗೇಜು ಕೂರಿಸಿದರು, ತಿರುಪನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಇಳಿಸಿದರು.

“ಐವತ್ತೈದು. ಒಂದು ಪೌಂಡು ಜಾಸ್ತಿ ಇಲ್ಲ. ಹಾಕು ಈಗ.” ಜೇಬಿನಿಂದ ಗ್ರಿಪ್ಪು ತೆಗೆದು ಮುತ್ತವ್ವನ ಕೈಗಿಟ್ಟರು. “ನಾಲ್ಕು ಗಂಟೆ ಒಳಗೆ ಮುಗೀಬೇಕು. ಆಮೇಲೆ ಫ್ಯೂಸ್ ಕೀಳೋದು ಕೀಳೋದೇ.”

ಹಾಕಿದರು. ಈಗ ಹಾರಲಿಲ್ಲ, ಒಡೆಯಲಿಲ್ಲ. ಆದರೆ ಮುಕ್ಕಾಲಿಗೆ ಬಂದು ಸೊಟ್ಟಗೆ ನಿಂತಿತು. ಮುತ್ತವ್ವ ಹಲ್ಲುಕಚ್ಚಿ ಒತ್ತಿದಳು. ತೋಳಿನ ನರ ಎದ್ದವು. ಒಂದು ಹೋದರೆ ಎಲ್ಲ ಹೋಯಿತು ಎಂಬ ಭಯಕ್ಕೆ ಕೈ ಕಬ್ಬಿಣವಾಗಿತ್ತು.

“ಗೂಟ ಬಡ್ಯಾಕ ಹತ್ತೀಯೇನವಾ?” ಬಸವ್ವ ಎದ್ದು ಬಂದಳು. “ಸರೀ ಅತ್ತಾಗ. ಬಿಗಿ ಕೈಗೆ ಬಳಿ ಏರೂದಿಲ್ಲ. ಬಳಿ ಇಡುವಾಗ ನಾವು ಏನ್ ಮಾಡ್ತಿದ್ವಿ? ಹುಡುಗಿ ಹೆದರಿ ಕೈ ಬಿಗೀ ಹಿಡದಿರತಾಳ. ತಳ್ಳಿದ್ರ ಬಳಿ ಒಡೀತದ, ಕೈ ರಕ್ತ ಆಗತದ. ಅದಕ್ಕ ಮಾತಿಗೆಳೀಬೇಕು. ‘ನಿನ್ನ ಗಂಡನ ಹೆಸರೇನ ತಂಗೀ’ ಅಂತ ಕೇಳಬೇಕು. ಆಕಿ ನಾಚಿ ಫಕ್ಕನ ನಗತಾಳ. ಆ ನಗುವಿನ್ಯಾಗ ಕೈ ಸಡ್ಲ ಆಗತದ. ಅದೇ ಗಳಿಗ್ಯಾಗ ತಳ್ಳಬಾರದು, ತಿರುವಬೇಕು. ಸರ್‍ರ್! ಏರಿತು.”

“ರಬ್ಬರಿಗೆ ಗಂಡ ಎಲ್ಲಿದಾನೆ ಬಸವ್ವನೋರೆ?” ಎಂದರು ಚಕ್ರಪಾಣಿ. “ಪ್ರೆಶರ್ ಸರಿ ಇದೆ. ಪ್ರೆಶರ್ ಸರಿ ಇದ್ದ ಮೇಲೆ—”

“ನಿಮ್ಮ ಮುಳ್ಳು ಸುಮ್ಮ ಹಿಡಕೊಂಡು ನಿಂದರ್ರಿ ಮಾಲಕ್ರ. ಮುತ್ತಾ, ಹೇಳು, ಇಂವ ಯಾರು?”

ಮುತ್ತವ್ವ ಗ್ರಿಪ್ಪು ನೋಡಿದಳು. ನೀಲಿ ಗೆರೆಯದು. “ಇದು ಡಾಕ್ಟ್ರದು ಅತ್ತೆ. ಹದಿಮೂರನೇ ಗುಂಡಿಗೆ ಚೆಂಡು ಹಾಕ್ಬೇಕಿತ್ತು. ಹೊಡೆಯೋವಾಗ ಕಪ್ಪೆ ಹಾರಿತು ಅಂತ ಮುರಿದ್ರು. ಕಪ್ಪೆ ಹಾರದೆ ಇನ್ನೇನು, ಅಪಾಯಿಂಟ್‌ಮೆಂಟ್ ತಗೋಬೇಕಿತ್ತಾ?”

ಚಕ್ರಪಾಣಿಯವರಿಗೇ ನಗು ಬಂತು. ನಾಗೇಂದ್ರ ಗುಳುಗುಳು ಅಂದ. ಮುತ್ತವ್ವನಿಗೂ ತಡೆಯಲಾಗಲಿಲ್ಲ, ಕೈ ಸಡಿಲವಾಯಿತು. “ಬಿಡೋ ಗಾಳಿ!” ಎಂದಳು ಬಸವ್ವ, ಸೊಸೆಯ ಕೈ ಮೇಲೆ ತನ್ನ ಕೈಯಿಟ್ಟು ತಿರುವಿದಳು. ಗ್ರಿಪ್ಪು ಸರ್‍ರನೆ ಬುಡದವರೆಗೆ ಹೋಗಿ ಕೂತಿತು. ಗಾಳಿ ನಿಲ್ಲಿಸಿದೊಡನೆ ರಬ್ಬರು ಕಬ್ಬಿಣವನ್ನು ಅಪ್ಪಿಕೊಂಡಿತು. ಎಳೆದರೆ ಅಲುಗಾಡದು.

“ಹಾಂ!” ಎಂದರು ಚಕ್ರಪಾಣಿ. “ಐವತ್ತೈದು ಅಂದೆನಲ್ಲ!”

“ತಿರುವಿದ್ದಕ್ಕ ಹೋತು” ಎಂದಳು ಬಸವ್ವ.

ಇಬ್ಬರ ಈ ಜಗಳ ಸಂಜೆವರೆಗೂ ಮುಗಿಯಲಿಲ್ಲ. ಗ್ರಿಪ್ಪುಗಳು ಮಾತ್ರ ಒಂದಾದ ಮೇಲೊಂದು ಏರತೊಡಗಿದವು. ವಕೀಲರದು: ಗಾಳಿ ಎದುರಿಂದ ಬೀಸಿತೆಂದು ಮುರಿದದ್ದು, “ಗಾಳಿಗೆ ನೋಟೀಸ್ ಕೊಡ್ತೀನಿ ಅಂದಿದ್ರು” ಎಂದಳು ಮುತ್ತವ್ವ, ಏರಿತು. ಕಂಪನಿಯ ದೊಡ್ಡ ಬಾಸಿನದು: ಹೊಡೆಯುವಾಗ ಯಾರದೋ ಫೋನು ಬಡಿಯಿತೆಂದು ಕೂಗಾಡಿ ಮುರಿದದ್ದು, ಫೋನು ಅವರ ಜೇಬಿನದೇ, ಏರಿತು. ಭಾವ ಮೈದುನರ ಜೋಡಿ: ಭಾವ ಮೈದುನನದು ಮುರಿದ, ಮೈದುನ ಭಾವನದು ಮುರಿದ, ಆಮೇಲೆ ಇಬ್ಬರೂ ಸೇರಿ ಮುತ್ತವ್ವನನ್ನು “ನೋಡ್ಕೊಂಡು ನಿಂತಿದೀಯಲ್ಲ” ಎಂದು ಬೈದರು, ಎರಡೂ ಏರಿದವು. ಗುಂಡಿಯ ಜಾಗವನ್ನೇ ಯಾರೋ ರಾತ್ರೋರಾತ್ರಿ ಸರಿಸಿದ್ದಾರೆ ಎಂದು ಆರೋಪಿಸಿದವರದು. “ಅವರೇ ಸರ್ವೇ ನಂಬರ್ ಸರಿಸೋರು ಸಾರ್, ಅದಕ್ಕೇ ಅನುಮಾನ” ಎಂದದ್ದಕ್ಕೆ ಚಕ್ರಪಾಣಿಯವರು ಗೇಜು ಬಿಟ್ಟು ಹೊಟ್ಟೆ ಹಿಡಿದುಕೊಂಡರು. ಮುಳ್ಳು ಐವತ್ತೆಂಟಕ್ಕೆ ಹೋದದ್ದನ್ನು ನೋಡಿ ಬಸವ್ವ ಚಪ್ಪಾಳೆ ತಟ್ಟಿದಳು.

ನಾಲ್ಕಕ್ಕೆ ಐದು ನಿಮಿಷ. ಉಳಿದದ್ದು ಒಂದು.

“ಇಂವ ಯಾರು?”

ಮುತ್ತವ್ವ ಹೇಳಲು ಹೋದಳು, ಹೇಳಲಾಗಲಿಲ್ಲ. ಮೊದಲೇ ನಗು ನುಗ್ಗಿ ಬಂತು. “ಇವರು... ಅತ್ತೆ, ಇವರು ಮೊಣಕಾಲಿಗೆ ಒತ್ತಿದ್ರು, ಮುರೀಲಿಲ್ಲ. ಮರಕ್ಕೆ ಬಡಿದ್ರು, ಮುರೀಲಿಲ್ಲ. ಕೂತ್ಕೊಂಡು ಎಳೆದ್ರು, ಮುರೀಲಿಲ್ಲ. ಆಮೇಲೆ ನನ್ನ ಕೈಗೆ ಕೊಟ್ಟು... ‘ಏಯ್, ಇದನ್ನ ಮುರಿ’ ಅಂದ್ರು.”

“ಮುರದ್ಯಾ?”

“ಒಂದೇ ಏಟಿಗೆ! ಅವರ ಸಿಟ್ಟೂ ನಾನೇ ಹೊರಬೇಕಿತ್ತು.”

ತಾರಸಿಯೇ ನಕ್ಕಿತು. ನಾಗೇಂದ್ರ ಗನ್ನು ಒತ್ತುತ್ತಲೇ ಮಂಡಿಯೂರಿದ. ಯಾರು ತಿರುವಿದರು, ಯಾರು ಗಾಳಿ ಬಿಟ್ಟರು ಎಂಬುದು ಆಮೇಲೆ ಯಾರಿಗೂ ನೆನಪಿರಲಿಲ್ಲ. ಕಣ್ಣೊರೆಸಿಕೊಂಡು ನೋಡಿದರೆ ಏಳನೆಯದೂ ಬುಡಕ್ಕೆ ಕೂತಿತ್ತು.

ಸೋಮವಾರ ಬೆಳಿಗ್ಗೆ ಏಳು ಕೋಲುಗಳನ್ನು ಹಾಸಿಗೆಯ ಹೊದಿಕೆಯಲ್ಲಿ ಸುತ್ತಿ ಮುತ್ತವ್ವ ಮೈದಾನ ಸೇರಿದಳು. ಹುಲ್ಲಿನ ಮೇಲೆ ನೀರಿನ ಕಾರಂಜಿಗಳು ತಿರುಗುತ್ತಿದ್ದವು. ಅವಳ ಬೀದಿಯ ನಲ್ಲಿಯಲ್ಲಿ ಹನಿ ಕಂಡು ಮೂರು ದಿನವಾಗಿತ್ತು. ಮೊದಲ ಹೊಡೆತದ ಜಾಗದ ಪಕ್ಕ ಛತ್ರಿಯಡಿ ಮೇಜು, ಮೇಜಿನ ಹಿಂದೆ ಗಿರಿರಾಜ್ ಸಾಹೇಬರು. ಅವಳ ಮುಂದಿದ್ದ ಹನ್ನೆರಡು ಜನರಲ್ಲಿ ಐವರು ಆಗಲೇ ತಲೆ ತಗ್ಗಿಸಿ ಪಕ್ಕಕ್ಕೆ ನಿಂತಿದ್ದರು. ಒಬ್ಬನ ಗ್ರಿಪ್ಪು ಜಾರಿತ್ತು, ಇನ್ನೊಬ್ಬನದು ತಿರುಗಿತ್ತು.

ಸಾಹೇಬರು ಅವಳ ಮೊದಲ ಕೋಲು ಎತ್ತಿಕೊಂಡರು. ಗ್ರಿಪ್ಪು ಹೊಸದು. ಮುಖ ಸ್ವಲ್ಪ ಬಾಡಿತು. ತಿರುಚಿದರು. ಅಲುಗಾಡಲಿಲ್ಲ. ಎಳೆದರು. ಇಲ್ಲ. ಎದ್ದು ನಿಂತರು, ಕೋಲಿನ ತಲೆಯನ್ನು ಬೂಟಿನಡಿ ಮೆಟ್ಟಿ ಎರಡೂ ಕೈಯಿಂದ ಎಳೆದರು.

“ಯಾರು ಹಾಕಿದ್ದು ಇದನ್ನ?”

“ಮನೇಲಿ ಸಾರ್.”

“ಮನೇಲಿ ಆಗಲ್ಲ. ಅಂಟೇನು ಹಾಕಿದೆ?”

“ಅಂಟಿಲ್ಲ ಸಾರ್. ಗಾಳಿ.”

“ತಮಾಷೆ ಮಾಡ್ತೀಯಾ?” ಸಾಹೇಬರು ಹೆಗಲು ಮುಂದಿಟ್ಟು, ಉಸಿರು ಬಿಗಿಹಿಡಿದು, ಕಣ್ಣುಮುಚ್ಚಿ ಜಗ್ಗಿದರು. ಗ್ರಿಪ್ಪು ಬರಲಿಲ್ಲ, ಒದ್ದೆ ಹುಲ್ಲಿನ ಮೇಲೆ ಬೂಟು ಸರಕ್ಕನೆ ಜಾರಿ ಸಾಹೇಬರೇ ಬಂದರು. ಕೋಲನ್ನು ಎದೆಗವಚಿ ಕುಂಡೆಯ ಮೇಲೆ ಕೂತುಬಿಟ್ಟರು. ಟೋಪಿ ಒಂದು ಕಡೆ, ಕಪ್ಪು ಕನ್ನಡಕ ಒಂದು ಕಡೆ.

ಸಾಲಿನಲ್ಲಿ ಮುತ್ತವ್ವನ ಹಿಂದಿದ್ದ ಕಾಂತರಾಜು, ಇಪ್ಪತ್ತೆರಡು ವರ್ಷದ ಹಳೆಯ ಕ್ಯಾಡಿ, ನಗು ತಡೆಯಲು ಬಾಯಿಗೆ ಟವೆಲ್ ತುರುಕಿಕೊಂಡ. ತಡೆಯಲಾಗಲಿಲ್ಲ. ಒಬ್ಬನಿಂದ ಒಬ್ಬನಿಗೆ ಹತ್ತಿ ಇಡೀ ಸಾಲು ನಕ್ಕಿತು. ವಾಪಸ್ಸು ಹೋಗಲು ನಿಂತಿದ್ದ ಐವರೂ ನಕ್ಕರು. ಆ ಹುಲ್ಲಿನ ಮೇಲೆ ಕ್ಯಾಡಿಗಳು ಅಷ್ಟು ಗಟ್ಟಿಯಾಗಿ ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. ಅಲ್ಲಿ ದನಿಯೆತ್ತುವುದು ನಿಯಮದಲ್ಲಿರಲಿಲ್ಲ.

ಮುತ್ತವ್ವ ಮಾತ್ರ ನಗಲಿಲ್ಲ. ಬಗ್ಗಿ ಟೋಪಿ ಎತ್ತಿ ನೀರು ಕೊಡವಿ ಕೊಟ್ಟಳು. ಕೈ ಕೊಟ್ಟು ಎಬ್ಬಿಸಿದಳು. ಅವರ ಹಿಡಿತದಿಂದ ಕೋಲನ್ನು ಮೆಲ್ಲಗೆ ಬಿಡಿಸಿಕೊಂಡಳು. ಆಮೇಲೆ ಹೊದಿಕೆ ಬಿಚ್ಚಿ ಮಿಕ್ಕವನ್ನು ಮೇಜಿನ ಮೇಲೆ ಒಂದೊಂದಾಗಿ ಜೋಡಿಸಿದಳು.

“ಇನ್ನೂ ಆರಿವೆ ಸಾರ್. ನೋಡ್ತೀರಾ?”

ಗಿರಿರಾಜ್ ಸಾಹೇಬರು ಆರು ಕೋಲುಗಳನ್ನು ನೋಡಿದರು. ನಗುತ್ತಿದ್ದ ಸಾಲನ್ನು ನೋಡಿದರು. ಸೊಂಟ ನೀವಿಕೊಳ್ಳುತ್ತಾ, ಅವಳ ಹೆಸರು ಬರೆದುಕೊಳ್ಳಲು ಪೆನ್ನು ಹುಡುಕಿದರು.